ದಸರೆಯವರೆಗೆ ಅವನು, ದಸರೆಯ ನಂತರ ಅವಳು

ನನಗೊಂದು ಕೆಟ್ಟ ಚಟವಿದೆ. ಬೀಡಿ, ಇಸ್ಪೀಟು, ಎಲೆಅಡಿಕೆ ಯಾವುದೂ ಅಲ್ಲ. ಅವಾದರೂ ಆಗಿದ್ದರೆ ಹೆಂಡತಿ ಬೈದು ಬಿಡಿಸುತ್ತಿದ್ದಳು. ಪುಸ್ತಕದಲ್ಲಿರುವುದನ್ನು ಪುಸ್ತಕದಲ್ಲೇ ಇರಲು ಬಿಡದೆ ಮಕ್ಕಳ ಕೈಯಲ್ಲಿ ಮಾಡಿಸಿ ನೋಡುವ ಚಟ. ಒಮ್ಮೆ ಅಳತೆಯ ಪಾಠ ಬಂತೆಂದು ಐದನೇ ಕ್ಲಾಸಿನವರ ಕೈಗೆ ಟೇಪು ಕೊಟ್ಟು ಶಾಲೆಯ ಜಾಗವನ್ನೇ ಅಳೆಸಿದೆ. ಪಹಣಿಯಲ್ಲಿ ಬರೆದಿದ್ದಕ್ಕಿಂತ ಹನ್ನೊಂದು ಅಡಿ ಕಡಿಮೆ ಬಂತು. ಮಕ್ಕಳು ಮೂರು ಸಲ ಅಳೆದರೂ ಹನ್ನೊಂದು ಅಡಿ ಪಕ್ಕದ ತೋಟದ ಬೇಲಿಯ ಆಚೆಗೇ ಇತ್ತು. ಆ ತೋಟದವರು ಎರಡು ವರ್ಷ ನನ್ನನ್ನು ಮಾತಾಡಿಸಲಿಲ್ಲ. ಮಕ್ಕಳ ಲೆಕ್ಕ ಸರಿಯಾಗಿತ್ತು, ಅದೇ ತೊಂದರೆಯಾದದ್ದು. ಇಷ್ಟಾದ ಮೇಲೂ ನನಗೆ ಬುದ್ಧಿ ಬರಲಿಲ್ಲ ಎನ್ನುವುದಕ್ಕೆ ಈಗ ಹೇಳಲಿರುವ ಚುನಾವಣೆಯೇ ಸಾಕ್ಷಿ.

ಆಗ ನಾನು ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಆನವಟ್ಟಿಯಲ್ಲಿ ಬಸ್ಸಿಳಿದು ಜಡೆ ಎಂಬ ಊರಿನ ದಾರಿ ಹಿಡಿದು ಸ್ವಲ್ಪ ದೂರ ಹೋದರೆ ಸಿಗುವ ಊರು. ಹೆಸರು ಹೇಳುವುದಿಲ್ಲ, ಆ ಊರಿನವರು ಈಗಲೂ ನನ್ನನ್ನು ಮದುವೆಗೆ ಕರೆಯುತ್ತಾರೆ. ನನ್ನ ಊರು ಶಿಕಾರಿಪುರ, ಹೆಂಡತಿಯದೂ ಅದೇ. ಹಳ್ಳಿಯಲ್ಲಿ ರುದ್ರೇಗೌಡರ ಮನೆಯ ಹೊರಗಿನ ಎರಡು ಕೋಣೆಯಲ್ಲಿ ನಮ್ಮ ಸಂಸಾರ. ಗೌಡರು ಪಂಚಾಯಿತಿ ಮೆಂಬರು, ಶಾಲೆಯ ಕಮಿಟಿಗೂ ಅವರೇ ಅಧ್ಯಕ್ಷರು. ಒಳ್ಳೆಯ ಮನುಷ್ಯ. ದಿನಾ ಬೆಳಿಗ್ಗೆ ಅವರ ಮನೆಯಿಂದ ಒಂದು ತಂಬಿಗೆ ಮಜ್ಜಿಗೆ ನಮ್ಮ ಮನೆಗೆ ಬರುತ್ತಿತ್ತು. ಮಜ್ಜಿಗೆಯ ವಿಷಯ ಸಣ್ಣದೆಂದು ನೀವು ತಿಳಿಯಬಾರದು. ನಾನೂ ಹಾಗೆಯೇ ತಿಳಿದಿದ್ದೆ.

ತೊಂಬತ್ತರ ಆ ದಶಕದಲ್ಲಿ ಚುನಾವಣೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಮೇಷ್ಟರಾದ ನಮಗೆ ಪಾಠಕ್ಕಿಂತ ಅವೇ ಜಾಸ್ತಿ. ಅರಗು ಕರಗಿಸಿ ಪೆಟ್ಟಿಗೆಗೆ ಮೊಹರು ಹಾಕುವುದು, ಬೆರಳಿಗೆ ಮಸಿ ಹಚ್ಚುವುದು, ಮತಪತ್ರ ಮಡಿಸಿ ಕೊಡುವುದು, ಎಲ್ಲವೂ ಅಂಗೈಯಲ್ಲಿತ್ತು. ಒಮ್ಮೆ ಒಂದು ಬೂತಿನಲ್ಲಿ ವಯಸ್ಸಾದ ಒಬ್ಬರು ಮರೆಯ ಹಿಂದಿನಿಂದ ತಲೆ ಹೊರಗೆ ಹಾಕಿ, "ಮೇಷ್ಟ್ರೇ, ಒಬ್ಬರಿಗೇ ಒತ್ತಬೇಕಾ? ಮೂರು ಜನನೂ ಮನೀಗೆ ಬಂದಿದ್ರು, ಮೂವರಿಗೂ ಹ್ಞೂಂ ಅಂದೀನಿ" ಎಂದು ಕೇಳಿದರು. ಒಬ್ಬರಿಗೇ ಒತ್ತಬೇಕು ಎಂದೆ. ಅವರು ಬಹಳ ಹೊತ್ತು ಒಳಗೇ ನಿಂತು, ಕೊನೆಗೆ ಮೂರೂ ಚಿಹ್ನೆಗೆ ಒತ್ತಿದೆನೆಂದು ನನಗೆ ಹೇಳಿಯೇ ಸಮಾಧಾನವಾಗಿ ಮನೆಗೆ ಹೋದರು. ದೊಡ್ಡವರ ಕತೆ ಮುಗಿಯಿತು, ಇನ್ನು ಮಕ್ಕಳನ್ನಾದರೂ ತಿದ್ದಬೇಕು ಎಂದು ಆ ದಿನವೇ ನಿಶ್ಚಯಿಸಿದೆ. ಮೇಷ್ಟರಿಗೆ ಇಂಥ ನಿಶ್ಚಯಗಳು ಬರುವುದು ಹೊಟ್ಟೆ ಹಸಿದಾಗಲೇ. ಬೂತಿನಲ್ಲಿ ಅವತ್ತು ಊಟ ತಡವಾಗಿತ್ತು.

ಹೀಗಾಗಿ ಆ ಜೂನಿನಲ್ಲಿ ನಮ್ಮ ಶಾಲೆಯ ಲೀಡರನ್ನು ಮೇಷ್ಟರು ನೇಮಿಸುವುದಲ್ಲ, ಐದು, ಆರು, ಏಳನೇ ಕ್ಲಾಸಿನ ಅರವತ್ತೆರಡು ಮಕ್ಕಳು ಗುಟ್ಟಾಗಿ ಮತ ಹಾಕಿ ಆರಿಸುವುದು ಎಂದು ಸಾರಿದೆ. ಹೆಡ್‌ಮಾಸ್ಟರು, "ನೀವುಂಟು ನಿಮ್ಮ ಚುನಾವಣೆಯುಂಟು, ನನ್ನನ್ನ ಮಾತ್ರ ಎಳೀಬೇಡ್ರಿ" ಎಂದು ಕೈ ತೊಳೆದುಕೊಂಡರು. ಕಡಲೆಎಣ್ಣೆಯ ಡಬ್ಬ ತೊಳೆದು ಮುಚ್ಚಳಕ್ಕೆ ಸೀಳು ಬಿಡಿಸಿ ಪೆಟ್ಟಿಗೆ ಮಾಡಿದೆ. ಭೂಪಟದ ಸ್ಟ್ಯಾಂಡಿಗೆ ಹೆಂಡತಿಯ ಹಳೆಯ ಸೀರೆ ಇಳಿಬಿಟ್ಟು ಮರೆ ಮಾಡಿದೆ. ಬೆರಳಿಗೆ ಹಚ್ಚಲು ಬಟ್ಟೆಗೆ ಹಾಕುವ ನೀಲಿ. ಇದೂ ಸಾಲದೆ ಒಂದು ನೋಟ್‌ಬುಕ್ಕಿನಲ್ಲಿ ಹದಿನೈದು ನಿಯಮ ಬರೆದು ಅದಕ್ಕೆ ಶಾಲಾ ಸಂವಿಧಾನ ಎಂದು ಹೆಸರಿಟ್ಟೆ. ಹದಿನಾಲ್ಕನೆಯದು ಅವಿಶ್ವಾಸ ನಿರ್ಣಯ. ಹದಿನೈದನೆಯದು, ಮತಗಳು ಸಮನಾಗಿ ಬಂದರೆ ಚುನಾವಣಾಧಿಕಾರಿಯ ಮತವೇ ನಿರ್ಣಾಯಕ ಎಂದು. ಚುನಾವಣಾಧಿಕಾರಿ ನಾನೇ. ಬರೆಯುವಾಗ ಹದಿನೈದು ಎಂಬ ಸಂಖ್ಯೆ ಚೆನ್ನಾಗಿ ಕಾಣುತ್ತದೆ ಎಂದು ಅದನ್ನು ಸೇರಿಸಿದ್ದು, ಬೇರೆ ಉದ್ದೇಶವಿರಲಿಲ್ಲ.

ಇಬ್ಬರು ನಿಂತರು, ಇಬ್ಬರೂ ಏಳನೇ ಕ್ಲಾಸು. ಒಬ್ಬ ರುದ್ರೇಗೌಡರ ಮಗ ಚನ್ನೇಶ. ಇನ್ನೊಬ್ಬಳು ಗಿರಿಜಾ, ಅವಳ ಅಪ್ಪ ಸೊರಬದಲ್ಲಿ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದವರು. ಚನ್ನೇಶ ಯಾಕೆ ನಿಂತನೆಂದು ಯಾರೂ ಕೇಳಲಿಲ್ಲ, ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಗಿರಿಜಾಳಿಗೆ ಕಾರಣವಿತ್ತು. ದಿನಾ ಕಸ ಗುಡಿಸುವವರು, ನೀರು ತರುವವರು ಯಾರು ಎಂಬ ಪಾಳಿ ಬರೆಯುವುದು ಲೀಡರ್ ಕೆಲಸ, ಮತ್ತು ನಮ್ಮ ಶಾಲೆ ಹುಟ್ಟಿದಾಗಿನಿಂದ ಆ ಪಾಳಿಯಲ್ಲಿ ಹುಡುಗಿಯರ ಹೆಸರಷ್ಟೇ ಇರುತ್ತಿತ್ತು. ಗೆದ್ದರೆ ಒಂದು ವಾರ ಹುಡುಗಿಯರು, ಒಂದು ವಾರ ಹುಡುಗರು ಎಂದು ಅವಳು ಸಾರಿದಳು.

"ಬೆಳಿಗ್ಗೆ ಮನೇಲಿ ಗುಡಿಸಿ ಬರ್ತೀನಿ ಸಾರ್, ಇಲ್ಲಿ ಬಂದೂ ಗುಡಿಸ್ತೀನಿ. ಒಂದು ವಾರನಾದ್ರೂ ಕಟ್ಟೆ ಮೇಲೆ ಕೂತು ನೋಡ್ಬೇಕು ಅನ್ನಿಸ್ತೈತಿ" ಎಂದಳು.

"ಏನು ನೋಡ್ತೀಯ?"

"ಹುಡುಗರು ಗುಡಿಸೋದನ್ನ."

ಮತದಾನದ ಹಿಂದಿನ ದಿನ ಇಬ್ಬರೂ ಒಟ್ಟಿಗೆ ನನ್ನ ಮೇಜಿನ ಮುಂದೆ ಬಂದು ನಿಂತರು. ಚನ್ನೇಶ ಒಂದು ಕಾಗದ ಮುಂದಿಟ್ಟು, "ರಾಜಿ ಆಗೈತಿ ಸಾರ್" ಎಂದ. ಓದಿದೆ. ಸದರಿ ಚನ್ನೇಶನು ದಸರೆ ರಜೆಯವರೆಗೂ, ಸದರಿ ಗಿರಿಜಾಳು ದಸರೆ ರಜೆಯ ನಂತರ ವರ್ಷದ ಕೊನೆಯವರೆಗೂ ಲೀಡರ್ ಆಗಿರತಕ್ಕದ್ದೆಂದು ಉಭಯತ್ರರೂ ಮನಃಪೂರ್ವಕವಾಗಿ ಒಪ್ಪಿರುತ್ತೇವೆ. ಅಕ್ಷರ ಗಿರಿಜಾಳದು, ಭಾಷೆ ಅವಳಪ್ಪನದು, ಉಪಾಯ ಇಡೀ ಊರಿನದು. ಕಳೆದ ಪಂಚಾಯಿತಿ ಚುನಾವಣೆಯಾದ ಮೇಲೆ ಅಧ್ಯಕ್ಷಗಿರಿಯನ್ನು ಅರ್ಧ ಅವಧಿ ಇವರಿಗೆ, ಅರ್ಧ ಅವಧಿ ಅವರಿಗೆ ಎಂದು ದೇವಸ್ಥಾನದ ಕಟ್ಟೆಯ ಮೇಲೆ ಕೂತು ಹಂಚಿಕೊಂಡಿದ್ದರು. ಮಕ್ಕಳು ನಾನು ಕಲಿಸಿದ್ದನ್ನು ಬಿಟ್ಟು ಉಳಿದೆಲ್ಲವನ್ನೂ ಕಲಿತಿದ್ದರು. ಗುಟ್ಟಿನ ಮತ ಎಂದರೆ ಏನು ಗೊತ್ತೇ, ಎಷ್ಟು ಜನ ಅದಕ್ಕಾಗಿ ಕಾದಿದ್ದಾರೆ ಗೊತ್ತೇ ಎಂದು ಭಾಷಣ ಶುರು ಮಾಡಿದೆ. ಗಿರಿಜಾ ಸಮಾಧಾನವಾಗಿ ಹೇಳಿದಳು: "ಹುಡುಗರು ಮೂವತ್ನಾಲ್ಕು, ನಾವು ಇಪ್ಪತ್ತೆಂಟು ಸಾರ್. ಓಟಿಗೆ ಹೋದ್ರೆ ಪೂರ್ತಿ ಹೋಗ್ತೈತಿ. ಅರ್ಧ ಆದ್ರೂ ಸಿಗ್ಲಿ." ಸಾಕ್ಷಿಯ ಜಾಗ ಖಾಲಿ ಬಿಟ್ಟಿದ್ದರು. ಎಣಿಸುವ ಕೆಲಸ ತಪ್ಪಿತು, ಊರಿನಲ್ಲಿ ಯಾರ ಮುಖವೂ ಕೆಡಲಿಲ್ಲ ಎಂದು ಒಳಗೊಳಗೆ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಸಹಿ ಹಾಕಿ ತಾರೀಖು ಬರೆದೆ. ಡಬ್ಬವನ್ನು ಬೀರುವಿನ ಮೇಲಿಟ್ಟೆ.

ಅರ್ಧ ವರ್ಷ ಗಿರಿಜಾ ಚಕಾರವೆತ್ತದೆ ಗುಡಿಸಿದಳು. ದಸರೆ ಮುಗಿಯಿತು. ಚನ್ನೇಶ ದೀಪಾವಳಿ ಆಗಲಿ ಎಂದ. ದೀಪಾವಳಿಯಾದ ಮೇಲೆ ಕರೆದು ಕೇಳಿದರೆ, "ಇನ್ನೂ ಕೆಲಸ ಬಾಕಿ ಅದಾವು ಸಾರ್" ಎಂದ. ಯಾವ ಕೆಲಸ ಎಂದೆ. ಗಂಟೆ ಹೊಡೆಯುವ ಕಬ್ಬಿಣದ ತುಂಡಿಗೆ ಬಣ್ಣ ಬಳಿಸಬೇಕಂತೆ. ಅದಾದ ಮೇಲೆ, ಜನವರಿ ಇಪ್ಪತ್ತಾರರ ಪೆರೇಡಿಗೆ ಕಾಶನ್ ಕೊಟ್ಟೇ ಇಳಿಯುತ್ತೇನೆ ಎಂದ. ಹುಡುಗ ಕೆಟ್ಟವನಲ್ಲ, ಕುರ್ಚಿಯಿಂದ ತಾನಾಗಿ ಎದ್ದವರನ್ನು ಅವನು ಎಲ್ಲೂ ನೋಡಿರಲಿಲ್ಲ. ಪಂಚಾಯಿತಿಯಲ್ಲೂ ಅರ್ಧ ಅವಧಿ ಮುಗಿದು ಎಷ್ಟೋ ತಿಂಗಳಾಗಿತ್ತು, ಮೊದಲ ಅಧ್ಯಕ್ಷರೇ ಇದ್ದರು. ಗಿರಿಜಾ ಪ್ರತಿ ಸಲ ನನ್ನ ಹತ್ತಿರ ಬಂದಳು, ಪ್ರತಿ ಸಲವೂ ನಾನು ಹೊಂದಿಕೊಂಡು ಹೋಗಿ ಎಂದೆ. ನಾಲ್ಕನೆಯ ಸಲ ಅವಳು ನನ್ನ ನೋಟ್‌ಬುಕ್ಕನ್ನೇ ಹಿಡಿದು ಬಂದಳು.

"ಹದಿನಾಲ್ಕನೇದು ಸಾರ್. ನೀವೇ ಬರೆದಿದ್ದು."

ಒಂದು ಶನಿವಾರ ಬೆಳಗಿನ ಶಾಲೆಯಲ್ಲಿ ಡಬ್ಬ ಕೆಳಗಿಳಿಯಿತು, ಸೀರೆ ಇಳಿಬಿತ್ತು, ಅರವತ್ತೆರಡು ಬೆರಳಿಗೆ ನೀಲಿ ಬಿತ್ತು. ಹುಡುಗಿಯರು ಇಪ್ಪತ್ತೆಂಟೇ ಇರುವುದು, ನಿರ್ಣಯ ಬಿದ್ದುಹೋಗುತ್ತದೆ, ನನ್ನ ತಲೆನೋವು ಮುಗಿಯುತ್ತದೆ ಎಂದುಕೊಂಡು ಚೀಟಿ ಎಣಿಸತೊಡಗಿದೆ. ಗಿರಿಜಾಳ ಕಡೆ ಇಪ್ಪತ್ತೆಂಟಾಯಿತು, ಇಪ್ಪತ್ತೊಂಬತ್ತಾಯಿತು, ಮೂವತ್ತೊಂದಕ್ಕೆ ನಿಂತಿತು. ಚನ್ನೇಶನಿಗೂ ಮೂವತ್ತೊಂದು. ಅಂದರೆ ಮೂವರು ಹುಡುಗರು ಆ ಸೀರೆಯ ಹಿಂದೆ ನಿಂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಾವೂ ಕಸಬರಿಗೆ ಹಿಡಿಯಲು ಒಪ್ಪಿ ಮತ ಹಾಕಿದ್ದರು. ಹೌದು, ನನ್ನ ಕಣ್ಣಲ್ಲಿ ನೀರು ಬಂತು. ಇಪ್ಪತ್ತು ವರ್ಷದ ಮೇಷ್ಟರಿಕೆಯಲ್ಲಿ ನಾನು ಕಲಿಸಿದ ಪಾಠವೊಂದು ಹತ್ತಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡು ತಲೆಯೆತ್ತಿದರೆ ಅರವತ್ತೆರಡು ಮಕ್ಕಳೂ ನನ್ನನ್ನೇ ನೋಡುತ್ತಿದ್ದರು. ಗಿರಿಜಾ ಮೆಲ್ಲಗೆ, "ಹದಿನೈದನೇದು ಸಾರ್" ಎಂದಳು.

ಸೋಮವಾರ ಹೇಳುತ್ತೇನೆ ಎಂದೆ.

ಭಾನುವಾರ ಮಜ್ಜಿಗೆಯನ್ನು ಗೌಡರೇ ತಂದರು. ಅವರು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ತಂಬಿಗೆ ಕೆಳಗಿಟ್ಟು, "ಹುಡುಗ ನಿನ್ನೆಯಿಂದ ಸರಿಯಾಗಿ ಉಂಡಿಲ್ಲ ಮೇಷ್ಟ್ರೇ. ಇರ್ಲಿ ಬಿಡ್ರಿ. ನಿಮಗೆ ತಿಳಿದಂಗೆ ಮಾಡ್ರಿ, ನಾನೇನೂ ಹೇಳಂಗಿಲ್ಲ" ಎಂದು ಹೋದರು. ನಾನು ತಂಬಿಗೆಯನ್ನೇ ನೋಡುತ್ತಾ ಕೂತೆ. ಹೆಂಡತಿ ಒಳಗಿಂದ ಬಂದಳು.

"ಆ ಹುಡುಗಿ ಕಾಗದಕ್ಕೆ ಸಾಕ್ಷಿ ಹಾಕಿದ್ದು ನೀವೇ ಅಲ್ವೇನ್ರೀ?"

"ಹೌದು."

"ಮತ್ತೇನು ಯೋಚನೆ? ಮಜ್ಜಿಗೆ ಬರದಿದ್ರೆ ತಿಳಿಸಾರು ಮಾಡ್ತೀನಿ. ತಿಳಿಸಾರು ಉಂಡು ಯಾರೂ ಸತ್ತಿಲ್ಲ. ಹೋಗಿ ಹೇಳಿ ಬರ್ರಿ."

"ಇದು ಮಜ್ಜಿಗೆ ಪ್ರಶ್ನೆಯಲ್ಲ ಕಣೇ, ತತ್ವದ ಪ್ರಶ್ನೆ. ಚುನಾವಣಾಧಿಕಾರಿ ಪಕ್ಷಪಾತ ಮಾಡಬಾರದು" ಎಂದೆ. ಅವಳು ಮಜ್ಜಿಗೆಗೆ ಉಪ್ಪು ಹಾಕಿ ನನ್ನ ಮುಂದಿಟ್ಟಳು. ಕುಡಿದೆ.

ಸೋಮವಾರ ಶಾಲೆಗೆ ಹೋಗುವಷ್ಟರಲ್ಲಿ ದೇವರು ಸರ್ಕಾರದ ರೂಪದಲ್ಲಿ ಬಂದಿದ್ದ. ಆ ವರ್ಷ ದೆಹಲಿಯ ಲೋಕಸಭೆ ಅರ್ಧಕ್ಕೇ ಮುರಿದುಬಿದ್ದು ಮತ್ತೆ ಚುನಾವಣೆ ಬಂದಿತ್ತಲ್ಲ, ಅದರ ಆದೇಶ. ನನ್ನನ್ನು ಶಿಕಾರಿಪುರ ಕಡೆಯ ಬೂತಿಗೆ ಹಾಕಿದ್ದರು, ತರಬೇತಿಯೂ ಅಲ್ಲೇ. ಬೇರೆ ಸಲ ಇಂಥ ಕಾಗದ ಕಂಡರೆ ಬೆನ್ನುನೋವು ಬರುವ ನಾನು ಅದನ್ನು ಎರಡು ಸಲ ಪ್ರೀತಿಯಿಂದ ಓದಿದೆ. ದೇಶದ ಚುನಾವಣೆ ಮುಗಿಯಲಿ, ಆಮೇಲೆ ನಮ್ಮದನ್ನು ನೋಡೋಣ ಎಂದು ಮಕ್ಕಳಿಗೆ ಹೇಳಿದೆ. "ಅಲ್ಲಿತನಕ ಲೀಡರ್ ಯಾರು ಸಾರ್?" ಎಂದು ಗಿರಿಜಾ ಕೇಳಿದಳು. ಇದ್ದವರೇ ಉಸ್ತುವಾರಿಯಾಗಿ ಮುಂದುವರಿಯುತ್ತಾರೆ, ದೆಹಲಿಯಲ್ಲೂ ಈಗ ಹಾಗೆಯೇ ಇದೆ ಎಂದು ವಿವರಿಸಿದೆ. ಅವಳು ಅದನ್ನು ಪಾಠವೆಂದುಕೊಂಡು ಬರೆದುಕೊಂಡಳು.

ತರಬೇತಿಯಲ್ಲಿ ಅಧಿಕಾರಿಯೊಬ್ಬರು ನನ್ನನ್ನು ಗುರುತಿಸಿ, "ನೀವು ಹಳೇ ಹುಲಿ, ಹೊಸಬರಿಗೆ ನಾಲ್ಕು ಮಾತು ಹೇಳಿ" ಎಂದು ಎಬ್ಬಿಸಿದರು. ಮತದಾರ ಯಾರ ಹಂಗಿಗೂ ಮುಲಾಜಿಗೂ ಒಳಗಾಗದೆ ನಿರ್ಭಯವಾಗಿ ಮತ ಹಾಕುವಂತೆ ನೋಡಿಕೊಳ್ಳುವುದು ನಮ್ಮ ಧರ್ಮ ಎಂದು ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ತಟ್ಟಿದರು. ಅಲ್ಲಿದ್ದ ಯಾರಿಗೂ ನಮ್ಮ ಊರಿನ ವಿಷಯ ಗೊತ್ತಿರಲಿಲ್ಲ, ಪುಣ್ಯ. ಊಟಕ್ಕೆ ಅಲ್ಲೂ ಮಜ್ಜಿಗೆ ಇತ್ತು, ನನಗೆ ಇಳಿಯಲಿಲ್ಲ.

ದೇಶದ ಚುನಾವಣೆ ಮುಗಿಯಿತು. ನಾನು ವಾಪಸು ಬರುವ ಹೊತ್ತಿಗೆ ಪರೀಕ್ಷೆ ಹತ್ತಿರ ಬಂದಿತ್ತು, ಪರೀಕ್ಷೆ ಎಂದರೆ ಎಲ್ಲವನ್ನೂ ಮುಂದೂಡಬಹುದು. ಗಿರಿಜಾ ಮತ್ತೆ ಕೇಳಲಿಲ್ಲ. ಬರುತ್ತಾಳೆ, ಕೇಳುತ್ತಾಳೆ, ಕೇಳಿದರೆ ಈ ಸಲ ಹೇಳಿಯೇಬಿಡುತ್ತೇನೆ ಎಂದು ದಿನಾ ಸಿದ್ಧನಾಗಿ ಹೋಗುತ್ತಿದ್ದೆ. ಅವಳು ಬರದಿದ್ದುದರಿಂದ ನನ್ನ ಧೈರ್ಯವೆಲ್ಲ ಸುಮ್ಮನೆ ಹಾಳಾಯಿತು. ಆ ಮೂವರು ಹುಡುಗರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗದಿರುವುದೇ ಗುಟ್ಟಿನ ಮತದ ಹೆಚ್ಚುಗಾರಿಕೆ. ಹಾಕದೇ ಇದ್ದ ನನ್ನ ಮತ ಮಾತ್ರ ಇಡೀ ಊರಿಗೆ ಗೊತ್ತಾಯಿತು.

ಏಳನೇ ಕ್ಲಾಸಿನವರ ಕೊನೆಯ ವಾರ. ಅಂಕಪಟ್ಟಿ ಬರೆಯುವುದು ಬಾಕಿ ಇತ್ತೆಂದು ಒಂದು ದಿನ ಬೆಳಿಗ್ಗೆ ಬೇಗ ಹೋಗಿ ಮೇಜಿನ ಮುಂದೆ ಕೂತಿದ್ದೆ. ಗಿರಿಜಾ ಗುಡಿಸುತ್ತಾ ಬಂದಳು. ನಾನು ತಲೆಯೆತ್ತದೆ ಬರೆಯುತ್ತಲೇ ಇದ್ದೆ. ಕಸಬರಿಗೆಯ ಸದ್ದು ಬೆಂಚುಗಳ ಸಾಲು ದಾಟಿ, ನನ್ನ ಮೇಜಿನ ಹತ್ತಿರ ಬಂದು ನಿಂತಿತು. ಈಗ ಕೇಳುತ್ತಾಳೆ ಎಂದುಕೊಂಡೆ.

"ಸಾರ್, ಸ್ವಲ್ಪ ಕಾಲೆತ್ರಿ" ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ಯಾವ ಮನೆಯಲ್ಲಾದರೂ ಗುಡಿಸುವವರು ಕೂತವರಿಗೆ ಹೇಳುವ ಹಾಗೆಯೇ ಹೇಳಿದಳು. ನಾನು ಎರಡೂ ಕಾಲನ್ನು ತಕ್ಷಣ ಎತ್ತಿದೆ. ಅವಳು ಬಗ್ಗಿ ಮೇಜಿನ ಕೆಳಗಿನ ಕಸ ಬಳಿದುಕೊಂಡು ಮುಂದಕ್ಕೆ ಹೋದಳು. ಅವಳು ಬಾಗಿಲು ದಾಟಿ ಹೋಗುವವರೆಗೂ ಕಾಲು ಕೆಳಗಿಡಲು ನನಗೆ ಧೈರ್ಯ ಬರಲಿಲ್ಲ.