ರೇವಣಸಿದ್ಧನಿಗೆ ಒಂದು ತಪ್ಪು ಬೇಕಾಗಿತ್ತು

ರೇವಣಸಿದ್ಧನಿಗೆ ಆ ದಿನ ಒಂದು ತಪ್ಪು ಬೇಕಾಗಿತ್ತು. ದೊಡ್ಡದೇ ಆಗಬೇಕೆಂದೇನಿರಲಿಲ್ಲ. ಆದರೆ ಅದು ಬೇರೆಯವರದಾಗಿರಬೇಕು, ಸಂಜೆಯೊಳಗೆ ಸಿಗಬೇಕು.

ಉದಗೀರದ ಬಸ್ ಸ್ಟ್ಯಾಂಡಿನ ಹಿಂದೆ, ಪೈಪು-ನಲ್ಲಿ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಅಮರನಾಥನ ಸಾಫ್ಟ್‌ವೇರ್ ಆಫೀಸು. ಮಾಲಿಕ ಅಮರನಾಥ, ಕೋಡ್ ಬರೆಯುವ ವೈಷ್ಣವಿ, ಸುಮಿತ, ಮೂವರೂ ಫಂಕ್ಷನಲ್ ಪ್ರೋಗ್ರಾಮಿಂಗ್ ಪಂಥದವರು. ಅವರ ಒಂದೊಂದು ಫಂಕ್ಷನ್ನೂ ಶುದ್ಧ. ಕೊಟ್ಟದ್ದಕ್ಕೆ ಉತ್ತರ ಹೇಳುತ್ತದೆ, ಹೊರಗಿನ ಲೋಕದ ಒಂದು ಕಡ್ಡಿಯನ್ನೂ ಮುಟ್ಟುವುದಿಲ್ಲ. ಕೋಡನ್ನು ತಪಾಸಿಸುವ ಕಂಪೈಲರ್ ಹೂಂ ಅಂದರೆ ಮುಗಿಯಿತು. ಆಮೇಲೂ ಪರೀಕ್ಷೆ ಮಾಡುತ್ತೇನೆನ್ನುವುದು ಮಡಿಯಲ್ಲಿ ಕೂತವರನ್ನು ಸ್ನಾನ ಆಯಿತೇ ಎಂದು ಕೇಳಿದಂತೆ.

ಇಂಥವರ ನಡುವೆ ಪರೀಕ್ಷಕನೊಬ್ಬ ಬಂದದ್ದು ಗಿರಾಕಿ ವಿಶ್ವನಾಥಪ್ಪನವರ ಹಟದಿಂದ. ಅವರು ದೇವಣಿ ದನ ಸಾಕುವವರ ಸಂಘದ ಅಧ್ಯಕ್ಷರು. ಹೋರಿಯನ್ನು ಡಾಕ್ಟರಿಗೆ ತೋರಿಸಲು ಯಾವಾಗ, ಎಲ್ಲಿಗೆ ತರಬೇಕೆಂದು ಮಾಲಿಕರ ಮೊಬೈಲಿಗೆ ತಿಳಿಸುವ ಪ್ರೋಗ್ರಾಮು ಅವರಿಗೆ ಬೇಕಿತ್ತು. "ಭೂಕಂಪ ಕಂಡ ಮಂದಿ ನಾವು. ಗ್ವಾಡಿ ಗಟ್ಟಿ ಅದ ಅಂತ ಕಟ್ಟಿದಾಂವಾನೇ ಹೇಳಿದ್ರ ನಂಬಂಗಿಲ್ಲ. ಬಡದು ನೋಡ್ಲಾಕ ಬ್ಯಾರೆ ಒಬ್ಬಾಂವಾ ಬೇಕು" ಎಂದಿದ್ದರು.

ಬಡಿದು ನೋಡುವವನಾಗಿ ಬಂದ ರೇವಣಸಿದ್ಧನಿಗೆ ಇಷ್ಟು ದಿನವಾದರೂ ಒಂದು ಬಿರುಕೂ ಸಿಕ್ಕಿರಲಿಲ್ಲ. ಬೆಳಿಗ್ಗೆ ಅಮರನಾಥ ನೇರವಾಗಿಯೇ ಹೇಳಿದ: "ಇವತ್ತು ಸಂಜಿಕ್ಕ ವಿಶ್ವನಾಥಪ್ಪೋರು ಬರ್ತಾರ. ಅಷ್ಟರಾಗ ಒಂದ್ ತಪ್ಪರೆ ತೋರಸು, ನೌಕರಿ ಪಕ್ಕಾ. ಇಲ್ಲಂದ್ರ ನೀ ಇಲ್ಲಿ ಕೂತು ಮಾಡೋದೇನು ಹೇಳು?"

ನೌಕರಿ ಪಕ್ಕಾ ಆದರೆ ಮದುವೆಯೂ ಪಕ್ಕಾ. ಅವನಿಗೆ ನೋಡಿದ್ದ ಹುಡುಗಿ, ಉಮರ್ಗಾದ ಮನಿಷಾಳ ಅಪ್ಪ ಅದೊಂದೇ ಮಾತಿಗೆ ಕಾಯುತ್ತಿದ್ದರು. ರೇವಣಸಿದ್ಧನಿಗೂ ಮನಿಷಾ ಮನಸ್ಸಿಗೆ ಹಿಡಿಸಿದ್ದಳು, ಹೆದರಿಕೆ ಇದ್ದದ್ದೇ ಅದಕ್ಕೆ.

ಹೋರಿಯ ವಯಸ್ಸಿಗೆ ಸೊನ್ನೆಗಿಂತ ಕಡಿಮೆ ಕೊಟ್ಟ. ಕಂಪೈಲರ್ ಒಪ್ಪಲಿಲ್ಲ. ಊರಿನ ಹೆಸರು ಖಾಲಿ ಬಿಟ್ಟ, ಅದಕ್ಕೂ ಒಪ್ಪಲಿಲ್ಲ. "ಅಂಥಾ ಶಾಣ್ಯಾತನಕ್ಕ ನಮ್ಮ ಕೋಡಿನಾಗ ಜಾಗಾನೇ ಇಟ್ಟಿಲ್ಲೋ ತಮ್ಮಾ" ಎಂದು ಸುಮಿತ ನಕ್ಕ.

ಚಹಾ ತಂದ ಅಂಬುಬಾಯಿ ಅವನ ಮುಖ ನೋಡಿ ಕೇಳಿದಳು. "ಇನ್ನೂ ಸಿಗಲಿಲ್ಲೇನೋ? ಒಂದೊಂದೇ ಕಾಳು ಹಿಡದು ಹರಳು ಹುಡುಕಿದ್ರ ಸಿಗ್ತದೇನು? ಮೊರಕ್ಕ ಹಾಕಿ ಕೇರು!"

ಮಾತು ನಾಟಿತು. ಸಂಘದ ಎಲ್ಲ ಮಾಲಿಕರ ಹೆಸರು, ನಂಬರು ಹಾಕಿ, ಕಳೆದುಹೋದದ್ದೂ ಸೇರಿ ಬಾಯಿಗೆ ಬಂದ ತಾರೀಖು ಕೊಟ್ಟು, ಕಂಪ್ಯೂಟರೇ ಸಾವಿರಾರು ಸಲ ಪರೀಕ್ಷಿಸುವಂತೆ ಬರೆದ. ಒತ್ತುವ ಮೊದಲು ವೈಷ್ಣವಿಯನ್ನು ಕೇಳಿದ: "ಅಕ್ಕಾ, ಖರೇ ಮಂದಿ ನಂಬರ್ ಅವ. ನಡೀತದೇನ್ರಿ?"

"ಸಂದೇಶ ಬರಿಯೋ ಫಂಕ್ಷನ್ ಶುದ್ಧ ಅದ. ಬರೀತದ, ಕಳಸಂಗಿಲ್ಲ. ಲಕ್ಷ ಸಲ ಕರೀ, ಲೋಕದಾಗ ಒಂದ್ ಎಲಿ ಅಲ್ಲಾಡಂಗಿಲ್ಲ."

ಒತ್ತಿದ. ಪರದೆಯ ತುಂಬ ಹಸಿರು, ಎಲ್ಲವೂ ಪಾಸು. ರೇವಣಸಿದ್ಧ ಊಟದ ಡಬ್ಬಿ ಬಿಚ್ಚಿದ, ರೊಟ್ಟಿ ತಿನ್ನುತ್ತ ಪಟ್ಟಿಯನ್ನು ಮತ್ತೆ ಮೇಲಿನಿಂದ ನೋಡಿದ.

ಬಿಸಿಲು ಇಳಿಯುವ ಹೊತ್ತಿಗೆ ಕೆಳಗೆ ಒಂದು ಟೆಂಪೊ ನಿಂತಿತು. ಅದರಿಂದ ಹೋರಿಯೊಂದು ಇಳಿಯಿತು, ಅದರ ಹಿಂದೆ ದೇವಣಿ ಕಡೆಯ ಕಾಶೆಪ್ಪ ಇಳಿದು ಕೈಮುಗಿದ. "ಸಾಹೇಬ್ರ, ನಿನ್ನಿ ತಾರೀಖಿಗೆ ತರ್ರಿ, ಇದು ಕೊನೀ ಸೂಚನಾ ಅಂತ ಮಧ್ಯಾಹ್ನ ಮೆಸೇಜ್ ಬಂತು. ತಡಾ ಆತು, ಮಾಫ್ ಮಾಡ್ರಿ. ಸಂಘದಾಗಿಂದ ಹೆಸರು ತೆಗೀಬ್ಯಾಡ್ರಿ."

ಅವನ ಮಾತು ಮುಗಿಯುವುದರೊಳಗೆ ಇನ್ನೆರಡು ಟೆಂಪೊ ಬಂದವು. ನಿಲಂಗಾ ರಸ್ತೆಯಿಂದ ಟ್ರ್ಯಾಕ್ಟರುಗಳ ಸಾಲೇ ಬಂತು. ಹೋರಿಯೇ ಇಲ್ಲದ ಅಜ್ಜಿಯೊಬ್ಬಳು ಯಾವುದಕ್ಕೂ ಇರಲಿ ಎಂದು ಮೇಕೆ ಎಳೆದುಕೊಂಡು ಬಂದಿದ್ದಳು. ಒಂದು ಹೋರಿ ಪೈಪಿನ ಅಂಗಡಿಗೆ ಕೊಂಬು ತೂರಿಸಿತು. ಅಂಗಡಿಯವನು ಮೇಲೆ ನೋಡಿ ಮರಾಠಿಯಲ್ಲಿ ಏಳು ತಲೆಮಾರು ತೆಗೆದು ಬೈದ.

ಅಮರನಾಥ ಕೋಡ್ ತೆರೆದ. ಸಂದೇಶ ಕಳಿಸುವುದೂ ಆಗುತ್ತದೋ ನೋಡೋಣವೆಂದು ಸುಮಿತ ಹಿಂದಿನ ದಿನ ಆ ಶುದ್ಧ ಫಂಕ್ಷನ್ನಿನೊಳಗೆ ಒಂದು ಸಾಲು ಸೇರಿಸಿದ್ದ. ಕಂಪೈಲರಿನ ಕಣ್ಣು ತಪ್ಪಿಸುವ ಕಳ್ಳದಾರಿ ಅವರ ಭಾಷೆಯಲ್ಲೂ ಇತ್ತು. ಹೋರಿ ತರಬೇಕಾದ ಜಾಗಕ್ಕೆ ತಾತ್ಕಾಲಿಕವೆಂದು ಆಫೀಸಿನದೇ ವಿಳಾಸ ಕೊಟ್ಟಿದ್ದ, ತೆಗೆಯುವುದು ಮರೆತಿದ್ದ.

"ಸಿಕ್ತು!" ಎಂದು ರೇವಣಸಿದ್ಧ ಕುಣಿದ. ಬೀದಿ ತುಂಬ ಸಗಣಿ, ಅವನ ಮುಖದ ತುಂಬ ಹುಣ್ಣಿಮೆ. ಅಮರನಾಥ ತಲೆ ತಗ್ಗಿಸಿದ. "ಆತಪ್ಪಾ, ನೀ ಗೆದ್ದಿ. ತಪ್ಪು ನಮ್ಮದೇ. ನೌಕರಿ ಪಕ್ಕಾ."

ರೇವಣಸಿದ್ಧ ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿದ. ಅವ್ವ ಅಲ್ಲಿಂದಲೇ ಉಮರ್ಗಾಕ್ಕೆ ಮಾಡಿದಳು.

ಆಗ ಹೋರಿಗಳ ನಡುವೆ ದಾರಿ ಮಾಡಿಕೊಂಡು ವಿಶ್ವನಾಥಪ್ಪ ಮೇಲೆ ಬಂದರು. ರೇವಣಸಿದ್ಧ ಎದೆಯುಬ್ಬಿಸಿ ಮುಂದೆ ನಿಂತ. "ಅಪ್ಪಾರ, ಇದ್ರಾಗ ಭಾರಿ ತಪ್ಪದರೀ. ನಾನೇ ಹಿಡದೀನಿ. ತಾರೀಖಿಲ್ಲ, ಲೆಕ್ಕಿಲ್ಲ, ಎಲ್ಲಾರಿಗೂ ಮೆಸೇಜ್ ಹೋಗ್ಯಾವ!"

"ತಪ್ಪಾ?" ವಿಶ್ವನಾಥಪ್ಪನವರ ಕಣ್ಣು ತೇವವಾಗಿತ್ತು. "ಊರೂರು ತಿರುಗಿ ಕೈಮುಗದು ಕರದೀನಿ ತಮ್ಮಾ. ನಾಳಿಗೆ ತರ್ತೀವಿ ಅಂತಿದ್ರು, ಒಬ್ಬರೂ ಬರ್ತಿದ್ದಿಲ್ಲ. ಇವತ್ತು ನೋಡು, ತಾರೀಖು ತಪ್ಪಿತು ಅಂತ ಅಂಜಿ ಓಡಿ ಬಂದಾರ! ಡಾಕ್ಟರ್‌ಗೆ ಫೋನ್ ಮಾಡೀನಿ, ಹೊಂಟಾರ." ಅಮರನಾಥನ ಕೈ ಹಿಡಿದುಕೊಂಡರು. "ಹಿಂಗೇ ಇರ್ಲಿ. ಒಂದ್ ಅಕ್ಷರಾನೂ ಮುಟ್ಟಬ್ಯಾಡ್ರಿ."

ಅಮರನಾಥನ ತಲೆ ಮೆಲ್ಲಗೆ ಮೇಲೆ ಬಂತು. ಸುಮಿತ ಕೆಮ್ಮಿ ಅಂಗಿ ಸರಿಮಾಡಿಕೊಂಡು, ಆ ಸಾಲು ತನ್ನದೇ ಎಂದು ತಿಳಿಸಿದ.

"ಮತ್ತ ನನ್ನ ನೌಕರಿ?" ಎಂದ ರೇವಣಸಿದ್ಧ.

ಅಮರನಾಥ ಅಧ್ಯಕ್ಷರ ಮುಖ ನೋಡಿದ. ಅವರು ರೇವಣಸಿದ್ಧನ ಬೆನ್ನನ್ನು ಅಕ್ಕರೆಯಿಂದಲೇ ಚಪ್ಪರಿಸಿದರು.

"ಹುಡುಗ ಭಾಳ ಹುಷಾರ್ ಇದ್ದಾನ. ಅದಕ್ಕೇ ಹೇಳ್ತೀನಿ, ಇವತ್ತೇ ಮನಿಗೆ ಕಳಸ್ರಿ. ಇಲ್ಲೇ ಇಟ್ಟುಕೊಂಡ್ರ ನಾಳಿಗೆ ಸರಿ ಮಾಡಿಬಿಟ್ಟಾನು!"

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಅವ್ವ. ಉಮರ್ಗಾದವರು ಪೇಢೆ ತೆಗೆದುಕೊಂಡು, ಅಳಿಯನ ಆಫೀಸು ನೋಡಲು ಹೊರಟಿದ್ದರು.