ಆರು ಮೊಳದ ಗೇಟು, ಐದೂವರೆ ಮೊಳದ ಯಂತ್ರ

ಮೂವತ್ತೈದು ವರ್ಷ ಮಕ್ಕಳಿಗೆ ಉದ್ದ, ಅಗಲ, ಎತ್ತರಗಳನ್ನು ಕಲಿಸಿದವನಿಗೆ ಒಂದು ಹಳೆಯ ಒಕ್ಕಣೆ ಯಂತ್ರವನ್ನು ಮನೆಗೆ ತರುವುದು ಯಾವ ದೊಡ್ಡ ಲೆಕ್ಕ! ಪೆರಂಬೂರಿನ ನಮ್ಮ ಮನೆಯ ಜಗಲಿಯ ಮೇಲೆ ನಿಂತು ನಾನು ಹೀಗೆಂದು ಘೋಷಿಸಿದೆ. ಎದುರಿಗಿದ್ದವರು ನನ್ನ ಹೆಂಡತಿ ವೆಂಕಟಲಕ್ಷ್ಮಿ ಮತ್ತು ಹೂ ಮಾರುವ ಸೆಲ್ವಿ. ಇಬ್ಬರೂ ಕಿವಿಗೊಡಲಿಲ್ಲ. ದಿನದ ಜಗಳ ನಡೆದಿತ್ತು.

"ಇದೊಂದು ಮೊಳವಾ ಸೆಲ್ವಿ? ನಿನ್ನ ಕೈ ದಿನಾ ಸುರುಂಗಿ ಚಿಕ್ಕದಾಗತ್ತಾ?"

"ಅಯ್ಯೋ ಮಾಮಿ, ಅದೇ ಕೈ, ಅದೇ ಮೊಳ!"

ನಾನು ನಡುವೆ ಹೋಗಿ ತೀರ್ಪು ಕೊಟ್ಟೆ. "ಲಕ್ಷ್ಮೀ, ಮೊಳವೆಂದರೆ ಮೊಳ. ನಾಲ್ಕು ಮೊಗ್ಗಿಗೆ ಯಾಕೆ ರಂಪ?"

ನಿವೃತ್ತನಾದ ಮೇಲೆ ಪೊನ್ನೇರಿಯ ಬಳಿ ಎರಡು ಎಕರೆ ಗದ್ದೆ ಮಾಡಿಸುತ್ತಿದ್ದೇನೆ. ಪಕ್ಕದ ಗದ್ದೆಯ ಅಂದಾನಿ ಮಳವಳ್ಳಿ ಕಡೆಯವನು. ತನ್ನ ಹಳೆಯ ಯಂತ್ರವನ್ನು ನನಗೆ ಕೊಡಲು ಒಪ್ಪಿದ್ದ. ಯಂತ್ರ ಯಾವುದೇ ಇರಲಿ, ಮೊದಲು ಮನೆಗೆ ಬಂದು ಅರಿಶಿನ ಕುಂಕುಮ ಕಂಡ ಮೇಲೆಯೇ ಕೆಲಸಕ್ಕೆ ಇಳಿಯಬೇಕೆಂಬುದು ನಮ್ಮ ತಂದೆಯ ಕಾಲದ ಪದ್ಧತಿ. ಅವರ ಸೈಕಲ್, ನನ್ನ ಸ್ಕೂಟರ್, ಕೊನೆಗೆ ಗ್ರೈಂಡರ್ ಕೂಡ ಹಾಗೆಯೇ ಬಂದವು.

"ಗ್ರೈಂಡರ್ ಗೇಟಲ್ಲಿ ಹಿಡೀತು. ಇದು ಹಿಡಿಯತ್ತಾ? ಪೂಜೆ ಗದ್ದೇಲೇ ಮಾಡಕೂಡದಾ?" ಎಂದಳು ಲಕ್ಷ್ಮಿ.

"ಅಳೆದರೆ ಆಯಿತು."

"ಹೊಲಿಗೆ ಡಬ್ಬೀಲಿ ಟೇಪ್ ಇದೆ, ತರ್ಲಾ?"

"ಗಣಿತದ ಮೇಷ್ಟರಿಗೆ ಟೇಪೇ!" ಎಂದು ತೋಳು ಮಡಚಿ ಗೇಟನ್ನು ಅಳೆದೆ. ಸರಿಯಾಗಿ ಆರು ಮೊಳ. ಅಂದಾನಿಗೆ ಫೋನು ಮಾಡಿದೆ. ಅವನೂ ಅಳೆದು ಹೇಳಿದ: "ಐದೂವರೆ ಮೊಳ ಐತೆ ಮೇಷ್ಟ್ರೇ."

ಅರ್ಧ ಮೊಳ ಮಿಗುತ್ತದೆ! ಶುಕ್ರವಾರ ತರಲು ಹೇಳಿದೆ.

ಅದೇ ಶುಕ್ರವಾರ ಮಧ್ಯಾಹ್ನ ಲಕ್ಷ್ಮಿ ಎಗ್ಮೋರಿನಲ್ಲಿ ಕುಂಭಕೋಣದ ರೈಲು ಹತ್ತಬೇಕಿತ್ತು. ಮರುದಿನ ಅವಳ ತಮ್ಮನ ಮೊಮ್ಮಗನ ಉಪನಯನ. "ಅಕ್ಕ ಬಾರದೆ ಒಲೆ ಹಚ್ಚುವುದಿಲ್ಲ" ಎಂದು ತಮ್ಮ ಆಣೆ ಹಾಕಿದ್ದ.

ಹನ್ನೊಂದಕ್ಕೆ ಟ್ರ್ಯಾಕ್ಟರ್ ಗುಡುಗುತ್ತಾ ಬಂತು. ಹಿಂದೆ ಟ್ರೇಲರ್, ಅದರ ಮೇಲೆ ಎರಡು ಕಡೆಗೂ ಕೈ ಚಾಚಿದ ಯಂತ್ರ. ಅಂದಾನಿ ಇಳಿದು ನಿಂತ. ಅವನು ತೆಂಗಿನ ಮರ. ನಾನು ಅವನ ಜೇಬಿನವರೆಗೆ ಬರುತ್ತೇನೆ.

"ಯಾಕೋ ಇಡಿಯಂಗ್ ಕಾಣೆ ಮೇಷ್ಟ್ರೇ."

"ಆರರೊಳಗೆ ಐದೂವರೆ ಹೋಗದಿದ್ದರೆ ಗಣಿತಶಾಸ್ತ್ರವೇ ಸುಳ್ಳು! ಬಿಡು ಹಿಂದಕ್ಕೆ! ಇನ್ನೂ! ಇನ್ನೂ!"

ಧಡಾರ್!

ಟ್ರೇಲರ್ ಅರ್ಧ ಒಳಗೆ ಹೋಗಿತ್ತು. ಯಂತ್ರ ಎರಡು ಕಂಬಗಳ ನಡುವೆ ಕೋಡು ಸಿಕ್ಕಿದ ಎತ್ತಿನಂತೆ ಕಚ್ಚಿಕೊಂಡು ನಿಂತಿತ್ತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ!

ಯಂತ್ರದ ಆಚೆಯಿಂದ ದನಿ ಬಂತು. "ಏನ್ರೀ, ಆಟೋ ಬಂತಾ?"

ಬೀದಿಗೆ ಟ್ರ್ಯಾಕ್ಟರ್ ಅಡ್ಡ. ಗೇಟಿಗೆ ಯಂತ್ರ ಅಡ್ಡ. ಇನ್ನು ಗೋಡೆಯ ಮೇಲೆ, ಕಳ್ಳರು ಬಾರದಿರಲೆಂದು ನಾನೇ ಮುಂದೆ ನಿಂತು ನೆಡಿಸಿದ ಗಾಜಿನ ಚೂರುಗಳು!

"ಲಕ್ಷ್ಮೀ, ಚಿಕ್ಕದೊಂದು ತೊಡಕು..."

"ಚಿಕ್ಕದಾ? ನಂಗೆ ಆಕಾಶಾನೇ ಕಾಣ್ತಿಲ್ಲ! ರೈಲು ತಪ್ಪಿದ್ರೆ ನೀವೇ ಹೋಗಿ ಆ ಒಲೆ ಹಚ್ಚಿ!"

ಅಡುಗೆಮನೆಯ ಸ್ಟೂಲ್ ಎಳೆದ ಸದ್ದಾಯಿತು.

"ಆ ಗಾಲಿ ಮ್ಯಾಲೆ ಕಾಲ್ ಮಡಗಿ, ಅಮ್ಮಾರೇ! ಭದ್ರ!" ಎಂದು ಅಂದಾನಿ ಕೂಗಿದ.

ರೇಷ್ಮೆ ಸೀರೆಯ ಕಚ್ಚೆ ಬಿಗಿದು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಕೋಡುಬಳೆಯ ಡಬ್ಬಿ ಹಿಡಿದು ಲಕ್ಷ್ಮಿ ಯಂತ್ರದ ನೆತ್ತಿಯ ಮೇಲೆ ಪ್ರತ್ಯಕ್ಷಳಾದಳು! ಇಡೀ ಬೀದಿ ನೋಡುತ್ತಿತ್ತು. ಸೆಲ್ವಿ ಕೈಮುಗಿದಳು. ದೇವಿಯ ದೃಷ್ಟಿ ಮಾತ್ರ ನೆಟ್ಟಗೆ ನನ್ನ ಮೇಲಿತ್ತು.

ಅಂದಾನಿ ಟ್ರೇಲರ್ ಕಳಚಿ, ಅವಳನ್ನು ಟ್ರ್ಯಾಕ್ಟರ್ ಮೇಲೆಯೇ ದೊಡ್ಡ ರಸ್ತೆಯ ಆಟೋ ಸ್ಟ್ಯಾಂಡಿಗೆ ಮುಟ್ಟಿಸಿದ. ಮಧ್ಯಾಹ್ನ ಫೋನು ಬಂತು.

"ರೈಲು ಸಿಕ್ತು. ನಿಮಗೆ ಗಣಿತ ಸಿಕ್ತಾ?"

ಸಿಕ್ಕಿತ್ತು. ಮರಳಿ ಬಂದ ಅಂದಾನಿ, "ಕೈ ನೀಡಿ ಮೇಷ್ಟ್ರೇ" ಎಂದು ತನ್ನ ಮೊಣಕೈಗೆ ನನ್ನ ಮೊಣಕೈ ಸೇರಿಸಿದ್ದ. ನನ್ನ ಬೆರಳ ತುದಿ ಅವನ ಅಂಗೈಯ ನಡುವಿಗೆ ಬಂದು ನಿಂತಿತ್ತು!

ಮೇಸ್ತ್ರಿ ಬಂದು ಒಂದು ಕಂಬವನ್ನು ಒಡೆದ. "ವಿಷ್ಣುತೀರ್ಥ, ನಿವೃತ್ತ ಗಣಿತ ಅಧ್ಯಾಪಕ" ಎಂಬ ಫಲಕ ಇದ್ದ ಕಂಬವನ್ನೇ!

ಮೂರನೆಯ ದಿನ ಲಕ್ಷ್ಮಿ ಊರಿನಿಂದ ಬಂದಳು. ಯಂತ್ರವನ್ನು ಗದ್ದೆಗೆ ಒಯ್ಯಲು ಅಂದಾನಿಯೂ ಬಂದ. ಪೂಜೆಯ ಹೂವಿಗೆ ಸೆಲ್ವಿ ಮೊಳ ಹಾಕತೊಡಗಿದಳು.

"ನಿಲ್ಲು!" ಎಂದಳು ಲಕ್ಷ್ಮಿ. "ನಿನ್ನ ಕೈ ಬೇಡ. ಅಂದಾನಿ, ನಿನ್ನ ಕೈ ನೀಡಪ್ಪ. ಇವನ ಮೊಳದಲ್ಲಿ ನಾಲ್ಕು ಹಾಕು ಸೆಲ್ವಿ! ಮೊಳ ಅಂದ್ರೆ ಮೊಳ. ನಾನು ಹೇಳಿದ್ದಲ್ಲ, ಮೇಷ್ಟರು ಹೇಳಿದ್ದು!"

ಆ ಮಹಾಹಸ್ತದ ಮೇಲೆ ಮಲ್ಲಿಗೆಯನ್ನು ಅಳೆದು ಅಳೆದು ಸೆಲ್ವಿಯ ಬುಟ್ಟಿ ಬರಿದಾಯಿತು. ಅವಳು ಒಡೆದ ಕಂಬವನ್ನು ನೋಡಿದಳು, ಆಮೇಲೆ ನನ್ನ ತೋಳನ್ನು ನೋಡಿದಳು.

"ಸಾರ್, ನಾಳೆಯಿಂದ ಹೂವು ತೊಗೊಳಕ್ಕೆ ಮಾಮಿ ಬೇಡ, ನೀವೇ ಬನ್ನಿ. ನಿಮ್ಮ ಕೈ ರೊಂಬ ಒಳ್ಳೇ ಕೈ!"