ಟ್ಯಾಂಕು ತುಂಬಿದ ಸದ್ದು

ಮೋಟಾರು ಹಾಕಿ ಮರೆಯುವುದರಲ್ಲಿ ರೇಖಾಗಣಿತದ ಮೇಷ್ಟ್ರನ್ನು ಮೀರಿಸುವವರಿರಲಿಲ್ಲ. ತಾರಸಿಯ ಟ್ಯಾಂಕು ತುಂಬಿ, ನೀರು ಮೆಟ್ಟಿಲಿಳಿದು ಕೆಳಮನೆ ವಕೀಲರ ಹೊಸ್ತಿಲು ಮುಟ್ಟುತ್ತಿತ್ತು. ಅವರು "ಮೇಷ್ಟ್ರೇ, ನೀರು!" ಎಂದು ಕಟ್ಟಡ ನಡುಗುವಂತೆ ಕೂಗಿದ ಮೇಲೇ ಇವರು ಸ್ವಿಚ್ಚಿಗೆ ಓಡುತ್ತಿದ್ದುದು. ಹೋದ ವಾರ ಕೂಗಿನ ಜೊತೆ ಇನ್ನೊಂದು ಮಾತೂ ಬಂತು: "ನನ್ನ ಕೇಸಿನ ಕಾಗದ ಒಂದು ನೆನೆದ್ರೂ ಓನರ್‌ಗೆ ಹೇಳಿ ಮನೆ ಖಾಲಿ ಮಾಡಿಸ್ತೀನಿ."

ಮೇಷ್ಟ್ರ ಕೈಯಲ್ಲಿ ಮದ್ದಿತ್ತು. ಟ್ಯಾಂಕು ತುಂಬಿದೊಡನೆ ಬಡಿದುಕೊಳ್ಳುವ ಪುಟ್ಟ ಯಂತ್ರವೊಂದು ಊಟದ ಮೇಜಿನ ಮೇಲೆ ತಂತಿಗಳ ಗೋಜಲಾಗಿ ಬಿದ್ದಿತ್ತು. ಒಂದು ತಂತಿ ಸಿಕ್ಕಿಸಿದರೆ ಇನ್ನೊಂದು ಕಳಚುತ್ತಿತ್ತು. ಅದಕ್ಕೇ ಕಂಪ್ಯೂಟರಿನಲ್ಲಿ ತಾವೇ ಗೆರೆ ಎಳೆದು, ತಂತಿಗಳ ಕೆಲಸವನ್ನೆಲ್ಲ ಮಾಡುವ ಸರ್ಕ್ಯೂಟ್ ಬೋರ್ಡೊಂದನ್ನು ಕಾರ್ಖಾನೆಯಲ್ಲಿ ಮಾಡಿಸಿದ್ದರು. ಈ ಬೆಳಿಗ್ಗೆ ಅದು ಬಂದಿತ್ತು, ಬಿಸ್ಕತ್ತಿನಷ್ಟಗಲ, ಅಚ್ಚ ಹಸಿರು.

ಯಂತ್ರದ ಮಿದುಳಿನಂತಿದ್ದ, ಸಾಲು ಕಾಲುಗಳ ಚಿಪ್ ಮಾತ್ರ ಅದರ ತೂತುಗಳಿಗೆ ಹೊಂದಲಿಲ್ಲ. ಎಡಗಾಲಿನ ತೂತು ಬಲಕ್ಕಿತ್ತು, ಬಲಗಾಲಿನದು ಎಡಕ್ಕೆ.

"ಒಂದೊಂದೇ ಕಾಲು ತಿರುಚಿ ಕೂರಿಸಿ ಭಾವ," ಎಂದ ಹೆಂಡತಿಯ ತಮ್ಮ, ಇಕ್ಕಳ ಹಿಡಿದು.

ಯಂತ್ರದ ಸುದ್ದಿ ಕೇಳಿ ವಕೀಲರೂ ಮೇಲೆ ಬಂದರು. "ಕಾರ್ಖಾನೆಯವರಿಗೆ ನೋಟಿಸ್ ಕೊಟ್ಬಿಡೋಣ."

"ತಪ್ಪು ನಂದೇ ಸಾರ್," ಎಂದರು ಮೇಷ್ಟ್ರು. ಚಿಪ್ಪನ್ನು ಜಿರಲೆಯಂತೆ ಅಂಗಾತ ಮಲಗಿಸಿ ಅಳತೆ ತೆಗೆದು, ಕಂಡದ್ದನ್ನು ಕಂಡ ಹಾಗೇ ಬರೆದಿದ್ದರು. ಮಕ್ಕಳಿಗೆ ಕನ್ನಡಿಯ ಬಿಂಬ ಪಾಠ ಮಾಡುವವರು! ತಿಂಗಳುಗಟ್ಟಲೆ ದಿಟ್ಟಿಸಿ ನೋಡಿದ್ದೂ ಗಮನಿಸಿದ ಲೆಕ್ಕಕ್ಕೆ ಬರಲಿಲ್ಲವಲ್ಲ ಎಂದು ಅವರಿಗೆ ನಿಜಕ್ಕೂ ಬೇಸರವಾಯಿತು. ಸುಮ್ಮನೆ ಬೋರ್ಡನ್ನು ಮಗುಚಿ, ಚಿಪ್ಪನ್ನು ಹಿಂಬದಿಯಿಂದ ಕೂರಿಸಿದರು. ಕಾಲುಗಳೆಲ್ಲ ಸರಕ್ಕನೆ ಒಳಗಿಳಿದವು.

ಬೆಸುಗೆ ಮುಗಿಯಿತು. ತಾರಸಿಗೆ ತಂತಿ ಹೋಯಿತು. ಮೋಟಾರು ಹಾಕಿ ಎಲ್ಲರೂ ಉಸಿರು ಬಿಗಿಹಿಡಿದು ಕೂತರು.

ಕೊನೆಗೂ ಯಂತ್ರ ಕಿರುಚಿತು.

ಭಾವಮೈದುನ ಕುಣಿದ. ವಕೀಲರು ಚಪ್ಪಾಳೆ ತಟ್ಟಿ, "ಭಲೇ ಮೇಷ್ಟ್ರೇ! ಟ್ಯಾಂಕು ತುಂಬಿದ್ದು ಇದಕ್ಕೆ ಹೇಗೆ ಗೊತ್ತಾಗುತ್ತೆ ಅಂತ?" ಎಂದು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. ಮನೆ ಉಳಿಯಿತು ಎಂಬ ಸಂತೋಷದಲ್ಲಿ ಮೇಷ್ಟ್ರು ಬೋರ್ಡನ್ನು ವಕೀಲರ ಮುಂದಕ್ಕೆ ಸರಿಸಿದರು. ತಂತಿಯ ತುದಿಗೆ ನೀರು ಮುಟ್ಟುವುದರಿಂದ ಶುರುಮಾಡಿ, ಒಂದೊಂದು ತಾಮ್ರದ ಗೆರೆಯ ಮೇಲೂ ಬೆರಳಾಡಿಸುತ್ತಾ, ಕಿರುಚಾಟಕ್ಕಿಂತ ಮೇಲಿನ ದನಿಯಲ್ಲಿ ವಿವರಿಸಿದರು.

"ರೀ, ಮೊದ್ಲು ಅದನ್ನ ನಿಲ್ಸಿ, ತಲೆ ಸಿಡೀತಿದೆ," ಎಂದರು ಹೆಂಡತಿ.

"ಅದಕ್ಕೂ ಒಂದು ಗುಂಡಿ ಇಟ್ಟಿದ್ದೀನಿ ನೋಡು!" ಮೇಷ್ಟ್ರು ಹೆಮ್ಮೆಯಿಂದ ಒತ್ತಿದರು. ಸದ್ದು ನಿಂತಿತು. ವಿವರಣೆ ಮುಂದುವರಿಯಿತು.

ಕೊನೆಯ ಗೆರೆ ಮುಗಿಯುವ ಹೊತ್ತಿಗೆ ಭಾವಮೈದುನ ಕಿವಿ ನಿಮಿರಿಸಿದ. "ಭಾವ, ಮೋಟಾರು ಇನ್ನೂ ಓಡ್ತಿದೆಯಲ್ವಾ?"

ಎಲ್ಲರೂ ದಡದಡನೆ ಇಳಿದರು. ತೆರೆದ ಬಾಗಿಲಿನಿಂದ ವಕೀಲರ ಕೇಸಿನ ಕಾಗದಗಳು ಒಂದೊಂದಾಗಿ ತೇಲಿ ಹೊರಬರುತ್ತಿದ್ದವು.

ವಕೀಲರು ಒಂದು ಹಾಳೆಯನ್ನೆತ್ತಿ ನೀರು ಕೊಡವಿದರು. ಓನರ್‌ಗೆ ಫೋನ್ ಹಚ್ಚುತ್ತಾ, ತಮಗೆ ತಾವೇ ಎಂಬಂತೆ ಗೊಣಗಿದರು:

"ಛೆ, ನಾನು ಕೆಳಗೇ ಇದ್ದಿದ್ರೆ ಒಂದು ಕೂಗು ಹಾಕ್ತಿದ್ದೆನಲ್ರೀ."